ಕೊಬ್ಬು ಅಳೆಯುವ ತೂಕದ ಯಂತ್ರ: ಮೂರು ತಿಂಗಳ ಬಳಕೆಯ ನಂತರ

ತೂಕದ ಮಟ್ಟಿಗೆ ಈ ಯಂತ್ರದ ಮೇಲೆ ನನ್ನ ದೂರಿಲ್ಲ. 5 ಕಿಲೋ ಡಂಬೆಲ್ ಹಿಡಿದು ಹತ್ತಿದರೆ ಸರಿಯಾಗಿ 5 ಕಿಲೋ ಹೆಚ್ಚು ತೋರಿಸುತ್ತದೆ. ನನ್ನ ತಕರಾರೆಲ್ಲ ಕೊಬ್ಬಿನ ಅಂಕಿಯನ್ನು ನೆಚ್ಚಿ ಅದರ ಆ್ಯಪ್ ಕೊಡುವ ‘ಮೆದುಳಿನ ವಯಸ್ಸು’ ಎಂಬ ಅಂಕಿಯದು. ನನಗೀಗ 49. ಮೊದಲ ದಿನವೇ ಅದು 58 ಎಂದಿತು. ಕರಡು ತಿದ್ದುವುದು ನನ್ನ ಕಸುಬು. ಆ ರಾತ್ರಿ ಒಂದೇ ಪುಟವನ್ನು ನಾಲ್ಕು ಸಲ ಓದಿದೆ, ಏನೋ ಕಣ್ತಪ್ಪಿದೆ ಎಂಬ ಭಯದಲ್ಲಿ.

ಯಂತ್ರದ ಮೇಲಿರುವ ಲೋಹದ ಪಟ್ಟಿಗಳು ಒಂದು ಪಾದದಿಂದ ಇನ್ನೊಂದಕ್ಕೆ ಅತ್ಯಲ್ಪ ವಿದ್ಯುತ್ ಹರಿಸುತ್ತವೆ. ನೀರಿನಂಶ ಹೆಚ್ಚಿರುವ ಸ್ನಾಯುವಿನಲ್ಲಿ ಅದು ಸರಾಗವಾಗಿ ಸಾಗುತ್ತದೆ, ಕೊಬ್ಬಿನಲ್ಲಿ ಅದಕ್ಕೆ ತಡೆಯಾಗುತ್ತದೆ. ಆ ತಡೆಗೆ ಎತ್ತರ, ತೂಕ, ವಯಸ್ಸು, ಲಿಂಗ ಸೇರಿಸಿ ಒಂದು ಸೂತ್ರ ಕೊಬ್ಬನ್ನು ಅಂದಾಜು ಮಾಡುತ್ತದೆ. ಅಳತೆಯಲ್ಲ, ಅಂದಾಜು. ಒಂದು ಭಾನುವಾರ ಎದ್ದಾಗ ಶೇ 34.1 ಇದ್ದದ್ದು, ಬಿಸಿನೀರಿನ ಸ್ನಾನ ಮುಗಿಸಿ ಬಂದಾಗ ಶೇ 32.3 ಆಗಿತ್ತು. ಅದರೊಂದಿಗೆ ನನ್ನ ಮೆದುಳೂ ಎರಡು ವರ್ಷ ಕಿರಿಯದಾಗಿತ್ತು!

ಕೊಬ್ಬಿಗೂ ಮೆದುಳಿಗೂ ನಂಟಿಲ್ಲ ಎಂದು ನಾನು ಹೇಳುತ್ತಿಲ್ಲ. 2008ರಲ್ಲಿ ಪ್ರಕಟವಾದ ಉತ್ತರ ಕ್ಯಾಲಿಫೋರ್ನಿಯಾದ ಅಧ್ಯಯನವೊಂದು ಆರೂವರೆ ಸಾವಿರ ಜನರನ್ನು ನಲವತ್ತರ ಆಸುಪಾಸಿನಿಂದ ಸರಾಸರಿ 36 ವರ್ಷ ಹಿಂಬಾಲಿಸಿತ್ತು. ಹೊಟ್ಟೆ ಅತಿ ದಪ್ಪವಿದ್ದವರಿಗೆ ಮುಂದೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಬರುವ ಅಪಾಯ, ಅತಿ ತೆಳುವಿದ್ದವರಿಗಿಂತ ಸುಮಾರು ಮೂರು ಪಟ್ಟು ಇತ್ತು. ತೂಕ ಸರಿಯಾಗಿದ್ದೂ ಹೊಟ್ಟೆ ಮುಂದೆ ಬಂದಿದ್ದವರಲ್ಲೂ ಅಪಾಯ ಹೆಚ್ಚಿತ್ತು. ಅಂದರೆ ಎಷ್ಟು ಕೊಬ್ಬು ಎನ್ನುವಷ್ಟೇ ಮುಖ್ಯ ಅದು ಎಲ್ಲಿ ಕೂತಿದೆ ಎನ್ನುವುದು. ಕರುಳಿನ ಸುತ್ತ ಕೂತ ಕೊಬ್ಬು ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ. ಪಾದದಿಂದ ಪಾದಕ್ಕೆ ಹರಿಯುವ ವಿದ್ಯುತ್ತು ಬಹುಪಾಲು ಕಾಲುಗಳಲ್ಲೇ ಸುತ್ತಿ ಬರುತ್ತದೆ. ಹೊಟ್ಟೆಯ ಸುದ್ದಿ ಅದಕ್ಕೇನು ಗೊತ್ತು?

ಇದನ್ನು ಬರೆಯಲು ಕೂರಿಸಿದ್ದು ಅಮ್ಮನ ನೆನಪು. ಮರೆವು ನಮ್ಮ ಕಣ್ಣಿಗೆ ಬೀಳುವ ಎರಡು ವರ್ಷ ಮೊದಲೇ ಅವಳ ತೂಕ ಇಳಿಯತೊಡಗಿತ್ತು. ಕೈಗಡಿಯಾರದ ಚರ್ಮದ ಪಟ್ಟಿಗೆ ಸೂಜಿ ಕಾಯಿಸಿ ಹೊಸ ತೂತು ಮಾಡಿಕೊಟ್ಟವಳು ನಾನೇ. ‘ಚೆನ್ನಾಗಿ ಇಳಿದಿದ್ದೀಯಮ್ಮ’ ಎಂದು ಮೆಚ್ಚಿಕೊಂಡಿದ್ದೆ. ಇಳಿವಯಸ್ಸಿನಲ್ಲಿ ತಾನಾಗಿ ತೂಕ ಇಳಿಯುವುದು ಕೆಲವೊಮ್ಮೆ ಆ ಕಾಯಿಲೆಯ ಮುನ್ಸೂಚನೆ ಎಂದು ವೈದ್ಯರಿಂದ ತಿಳಿದದ್ದು ಆಮೇಲೆ. ಈ ಆ್ಯಪ್ ಆಗ ಇದ್ದಿದ್ದರೆ ಪ್ರತಿ ವಾರ ಅವಳ ಮೆದುಳು ಎಳೆಯದಾಗುತ್ತಿದೆ ಎಂದು ಹಸಿರು ಬಾಣ ತೋರಿಸುತ್ತಿತ್ತು. ಇದನ್ನೇ ತಯಾರಕರಿಗೆ ಬರೆದೆ. ‘ಸಂಶೋಧನೆಯ ಆಧಾರವಿದೆ’ ಎಂಬ ಒಂದು ಸಾಲಿನ ಉತ್ತರ ಬಂತು, ಯಾವ ಸಂಶೋಧನೆ ಎಂದು ಹೇಳಲಿಲ್ಲ.

ಕೊಳ್ಳುವುದಾದರೆ ತೂಕಕ್ಕಾಗಿ ಕೊಳ್ಳಿ. ಕೊಬ್ಬಿನ ಅಂಕಿ ಬೇಕಿದ್ದರೆ ವಾರಕ್ಕೊಮ್ಮೆ, ಬೆಳಿಗ್ಗೆ ಒಂದೇ ಹೊತ್ತಿಗೆ, ಏನೂ ಕುಡಿಯುವ ಮೊದಲು ನಿಂತು, ತಿಂಗಳುಗಳ ಏರಿಳಿತವನ್ನಷ್ಟೇ ನೋಡಿ. ಪೇಸ್‌ಮೇಕರ್ ಇರುವವರು ಇದನ್ನು ಹತ್ತಲೇಬಾರದು. ಹೊಟ್ಟೆಗೆ ನಾನು ಹೊಲಿಗೆ ಡಬ್ಬಿಯ ಟೇಪನ್ನೇ ಸುತ್ತುತ್ತೇನೆ: ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ನನ್ನದು ಇನ್ನೂ 4 ಸೆಂಟಿಮೀಟರ್ ಹೆಚ್ಚಿದೆ.