ಹತ್ತು ದಿನದ ವಿಪಶ್ಯನಾ ಶಿಬಿರ: ಸಿಡುಕಿಗೆ ಒಳ್ಳೆಯ ಮದ್ದು, ಪೂರ್ವಗ್ರಹಕ್ಕೆ ಅರ್ಧ ಮದ್ದು

ವಿಪಶ್ಯನಾ ಅಂದರೆ ಮೈಯ ಸಂವೇದನೆಗಳನ್ನು ಸುಮ್ಮನೆ ಗಮನಿಸುವ ಬೌದ್ಧ ಧ್ಯಾನ. ಬೆಂಗಳೂರಿನ ತುಮಕೂರು ರಸ್ತೆ ಕಡೆ, ಆಲೂರಿನ ಧಮ್ಮ ಪಫುಲ್ಲ ಕೇಂದ್ರದಲ್ಲಿ ನಡೆಯುವುದು ಧ್ಯಾನಗುರು ಎಸ್.ಎನ್. ಗೋಯೆಂಕಾ ಪರಂಪರೆಯ ಶಿಬಿರ. ಊಟ, ವಸತಿಗೆ ಶುಲ್ಕವಿಲ್ಲ. ಒಮ್ಮೆ ಶಿಬಿರ ಮುಗಿಸಿದವರಿಂದ ಮಾತ್ರ ದೇಣಿಗೆ ತೆಗೆದುಕೊಳ್ಳುತ್ತಾರೆ. ಬೆಳಗಿನ 4ಕ್ಕೆ ಎಬ್ಬಿಸುವ ಗಂಟೆ, 4.30ಕ್ಕೆ ಧ್ಯಾನ, 11ಕ್ಕೆ ಊಟ, ಸಂಜೆ 5ಕ್ಕೆ ಹೊಸಬರಿಗೆ ಹಣ್ಣು, ಚಹಾ. ರಾತ್ರಿಯೂಟ ಇಲ್ಲ. ಮೊಬೈಲು, ಓದು, ಬರಹ, ಮಾತು ಎಲ್ಲಕ್ಕೂ ರಜೆ.

ಮೊದಲ ಮೂರು ದಿನ ಬರೀ ಉಸಿರು: ಮೂಗಿನ ಹೊಳ್ಳೆ, ಆಮೇಲೆ ಮೇಲ್ದುಟಿಯ ಮೇಲಿನ ಚಿಕ್ಕ ಜಾಗ. 4ನೇ ದಿನ ಮಧ್ಯಾಹ್ನ ನಿಜವಾದ ಪಾಠ ಶುರು. ನೆತ್ತಿಯಿಂದ ಪಾದದವರೆಗೆ ಗಮನ ಹರಿಸಿ, ತುರಿಕೆ, ಬಿಸಿ, ಜುಮುಜುಮು ಏನು ಸಿಕ್ಕಿದರೂ ಸುಮ್ಮನೆ ಗಮನಿಸಬೇಕು. ಆಮೇಲೆ ದಿನಕ್ಕೆ ಮೂರು ಸಲ, ಬೆಳಗ್ಗೆ 8ಕ್ಕೆ, ಮಧ್ಯಾಹ್ನ 2.30ಕ್ಕೆ, ಸಂಜೆ 6ಕ್ಕೆ, ಕೈಕಾಲು ಅಲುಗಿಸದೆ, ಕಣ್ಣು ತೆರೆಯದೆ ಒಂದು ಗಂಟೆ. ಇದಕ್ಕೆ ಅಧಿಟ್ಠಾನ, ಅಂದರೆ ದೃಢ ಸಂಕಲ್ಪ, ಅನ್ನುತ್ತಾರೆ.

ಶಿಬಿರದ ತಿರುಳು ಇರುವುದು ಇಲ್ಲೇ. ನಲವತ್ತನೇ ನಿಮಿಷದ ಹೊತ್ತಿಗೆ ಮಂಡಿ ಉರಿಯುತ್ತದೆ. ಕಾಲು ಚಾಚಿಬಿಡು ಅಂತ ಮನಸ್ಸು ಪೀಡಿಸುತ್ತದೆ. ಉರಿ ಬೇರೆ, ಪೀಡಿಸುವ ಮನಸ್ಸು ಬೇರೆ ಅಂತ ಆಗ ಗೊತ್ತಾಗುತ್ತದೆ. ಬೈದವರಿಗೆ ತಿರುಗಿ ಬೈಯುವ ಮುಂಚೆ ಎದೆ ಬಿಸಿಯಾಗುವುದು, ದವಡೆ ಬಿಗಿಯುವುದು ಅರಿವಿಗೆ ಬರತೊಡಗುವುದು ಈ ಅಭ್ಯಾಸದಿಂದಲೇ. ತಪ್ಪುವುದೂ ಇಲ್ಲೇ. ಹಲ್ಲು ಕಚ್ಚಿ ನೋವು ಗೆಲ್ಲಲು ಹೊರಟವರು ಇನ್ನೊಂದು ಪ್ರತಿಕ್ರಿಯೆಯನ್ನೇ ಸಾಕುತ್ತಿರುತ್ತಾರೆ. ಹಿತವಾದ ಜುಮುಜುಮು ಮತ್ತೆ ಬರಲಿ ಅಂತ ಕಾಯುವವರದ್ದೂ ಅದೇ ಕಥೆ. ಬೆನ್ನು, ಮಂಡಿ ತೊಂದರೆ ಇದ್ದರೆ ಮೊದಲ ದಿನವೇ ಕುರ್ಚಿ ಕೇಳಿ, ಜಂಬ ಬೇಡ.

ಪೂರ್ವಗ್ರಹದ ವಿಷಯಕ್ಕೆ ಬಂದರೆ ಶಿಬಿರ ತೆಳುವಾಗುತ್ತದೆ. ಜಾತಿ, ಭಾಷೆ, ಪಕ್ಷದ ಬಗ್ಗೆ ಒಳಗೆ ಕೂತಿರುವ ಅಭಿಪ್ರಾಯ ಮೈಯಲ್ಲಿ ಸಂವೇದನೆಯಾಗಿ ಕುಟುಕಿದರೆ ಸರಿ. ಕುಟುಕದೆ ಹಾಯಾಗಿದ್ದರೆ ಧ್ಯಾನದಲ್ಲಿ ಸಿಗುವುದೇ ಇಲ್ಲ. ಅದು ಸಿಗಬೇಕಾದರೆ ಕಾಗದ ಬೇಕು. ನಿರ್ಧಾರ, ಕಾರಣ, ಎಷ್ಟು ಖಾತ್ರಿ ಅಂತ ಮೂರು ಸಾಲು ದಿನಾಂಕ ಹಾಕಿ ಬರೆದು, ಮೂರು ತಿಂಗಳ ನಂತರ ಓದಬೇಕು. ಇದು ಮನೆಗೆ ಬಂದ ಮೇಲಿನ ಕೆಲಸ.

ಇನ್ನು ಗುಂಪಿನ ಜೊತೆ ತಲೆಯಾಡಿಸುವ ಚಾಳಿಗೆ ಇಲ್ಲಿ ಮದ್ದಿಲ್ಲ. ರಾತ್ರಿ 7ರಿಂದ 8.15ರವರೆಗೆ ಒಬ್ಬರದೇ ಧ್ವನಿಮುದ್ರಿತ ಪ್ರವಚನ, ಚರ್ಚೆ ಇಲ್ಲ. ಮಧ್ಯಾಹ್ನ ಆಚಾರ್ಯರ ಹತ್ತಿರ ವಿಧಾನದ ಬಗ್ಗೆ ಕೇಳಬಹುದು, ವಾದ ಮಾಡುವ ಹಾಗಿಲ್ಲ. ಗುರು ಹೇಳಿದ ಅಂತ ಒಪ್ಪಬೇಡಿ ಅನ್ನುವ ಬುದ್ಧನ ಉಪದೇಶ, ಕಾಲಾಮ ಸುತ್ತದ ಪರಂಪರೆಯಲ್ಲಿ ಇದು ಸ್ವಲ್ಪ ವಿಚಿತ್ರವೇ. 10ನೇ ದಿನ ಮೌನ ಮುರಿದಾಗ ಎಲ್ಲರ ಮುಖದಲ್ಲೂ ಕಳೆ. ಆ ಭರದಲ್ಲಿ ದೇಣಿಗೆ, ಮುಂದಿನ ಶಿಬಿರ ನಿರ್ಧರಿಸಬೇಡಿ. ವಾರ ಬಿಟ್ಟು ಕೊಟ್ಟರೂ ತೆಗೆದುಕೊಳ್ಳುತ್ತಾರೆ. ಕಚೇರಿ ಸಭೆಗೆ ಬೇಕಾದ ಮದ್ದು ಬೇರೆಯೇ ಇದೆ: ಚರ್ಚೆಗೆ ಮೊದಲು ಪ್ರತಿಯೊಬ್ಬರೂ ಅಭಿಪ್ರಾಯ ಚೀಟಿಯಲ್ಲಿ ಬರೆಯುವುದು, ಹಿರಿಯರು ಕೊನೆಗೆ ಮಾತಾಡುವುದು.

ಮನೋವೈದ್ಯರ ಚಿಕಿತ್ಸೆಯಲ್ಲಿರುವವರು ಅರ್ಜಿಯಲ್ಲಿ ಅದನ್ನು ಮುಚ್ಚಿಡಬೇಡಿ, ಶಿಬಿರಕ್ಕಾಗಿ ಮಾತ್ರೆ ನಿಲ್ಲಿಸಬೇಡಿ. ದೀರ್ಘ ಮೌನ ಎಲ್ಲರಿಗೂ ಒಗ್ಗುವುದಿಲ್ಲ. ಅರ್ಜಿ ಆನ್‌ಲೈನ್‌ನಲ್ಲಿ; ಪ್ರವಚನಕ್ಕೆ ಬೇಕಾದ ಭಾಷೆಯನ್ನು ಅಲ್ಲೇ ನಮೂದಿಸಿ. ಸಡಿಲ ಬಟ್ಟೆ, ಟಾರ್ಚು ತನ್ನಿ. ಮನೆಯಲ್ಲಿ ಬೆಳಗ್ಗೆ ಒಂದು, ಸಂಜೆ ಒಂದು ಗಂಟೆ ಕೂರಲು ಹೇಳುತ್ತಾರೆ. ಕೆಲಸ, ಮಕ್ಕಳು ಇರುವವರಿಗೆ ಅದು ಮೊದಲ ತಿಂಗಳಲ್ಲೇ ಜಾರುತ್ತದೆ. ಬೆಳಗಿನದೊಂದನ್ನಾದರೂ ಬಿಡಬೇಡಿ. 11ನೇ ದಿನ ಬೆಳಗ್ಗೆಯೇ ಹೊರಡಬಹುದು, ಆದರೆ ಅಂದೇ ಆಫೀಸಿಗೆ ಹೋಗುವ ಹುಚ್ಚು ಬೇಡ, ಇನ್ನೊಂದು ದಿನ ರಜೆ ಹಾಕಿ.