ಬಾಗಿಲಿನ ಲಾಕ್, ಬಿಜಾಗರಿ ಬದಲಾಯಿಸುವ ಮುಂಚೆ ಇದನ್ನು ಓದಿ

ನಮ್ಮ ಮನೆ ಮಲ್ಪೆ ಹತ್ತಿರ. ಸಮುದ್ರಕ್ಕೆ ಒಂದು ಕಿಲೋಮೀಟರ್ ಕೂಡ ಇಲ್ಲ. ಹೋದ ವರ್ಷ ಬೇಸಿಗೆಯಲ್ಲಿ ಪೇಂಟ್ ಮಾಡಿಸುವಾಗ ಬಾಗಿಲುಗಳ ಚಿಲಕ, ಹ್ಯಾಂಡಲ್, ಬಿಜಾಗರಿ ಎಲ್ಲ ಬದಲಾಯಿಸಿದೆ. ಅಜ್ಜನ ಕಾಲದ ಹಿತ್ತಾಳೆ ಚಿಲಕಗಳು ಕಪ್ಪಾಗಿದ್ದವು, ಅಷ್ಟೇ. ಕೆಟ್ಟಿರಲಿಲ್ಲ. ಅವನ್ನೆಲ್ಲ ತೂಕಕ್ಕೆ ಹಾಕಿ ಗುಜರಿಗೆ ಕೊಟ್ಟುಬಿಟ್ಟೆ. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಅಂಗಡಿಯವರು ಫಳಫಳ ಹೊಳೆಯುವ ಸೆಟ್ ತೋರಿಸಿ, "ಇದು 304 ಸ್ಟೀಲ್, ತುಕ್ಕು ಹಿಡಿಯೋದೇ ಇಲ್ಲ" ಅಂದರು. ಆಯಸ್ಕಾಂತ ಇಟ್ಟು ತೋರಿಸಿದರು. ಅಂಟಲಿಲ್ಲ. ನಂಬಿದೆ. 202 ಅನ್ನುವ ಅಗ್ಗದ ಸ್ಟೀಲಿಗೂ ಆಯಸ್ಕಾಂತ ಅಂಟುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಅದರಲ್ಲಿ ನಿಕಲ್ ಕಡಿಮೆ, ಮ್ಯಾಂಗನೀಸ್ ಜಾಸ್ತಿ. ಉಪ್ಪುಗಾಳಿಗೆ ತಡೆಯುವುದಿಲ್ಲ. ನನಗೆ ಕೊಟ್ಟಿದ್ದು ಅದೇ ಇರಬೇಕು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಿಜಾಗರಿಗಳಿಂದ ಕೆಂಪು ನೀರು ಇಳಿದು, ಹೊಸ ಬಿಳಿ ಪೇಂಟಿನ ಮೇಲೆ ಉದ್ದಕ್ಕೂ ಕಲೆ. ಜೊತೆಗೆ ಕೊಟ್ಟ ಸ್ಕ್ರೂಗಳಂತೂ ಬರೀ ಕಬ್ಬಿಣ, ಮೇಲೆ ಪಾಲಿಶ್. ತಲೆ ಸವೆದು ಸ್ಕ್ರೂಡ್ರೈವರ್ ಹಿಡಿಯುತ್ತಲೇ ಇರಲಿಲ್ಲ.

ತುಕ್ಕು ಹಾಳಾಗಿ ಹೋಗಲಿ. ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಅಮ್ಮ ಬಚ್ಚಲಿನೊಳಗೆ ಸಿಕ್ಕಿಹಾಕಿಕೊಂಡರು. ಅವರಿಗೆ 74 ವರ್ಷ. ಒಳಗಿನಿಂದ ಹ್ಯಾಂಡಲ್ ಒತ್ತಿದರೆ ಅದು ಸುಮ್ನೆ ಕೆಳಗೆ ಜೋತುಬಿತ್ತು, ಲಾಕಿನ ನಾಲಿಗೆ ಸರಿಯಲೇ ಇಲ್ಲ. ಬಾಗಿಲು ಒಳಕ್ಕೆ ತೆರೆಯುವಂಥದ್ದು. ಹಾಗಾಗಿ ಬಿಜಾಗರಿಯೂ ಒಳಗೇ, ಹೊರಗಿನಿಂದ ಅದರ ಪಿನ್ ತೆಗೆಯುವ ಹಾಗಿಲ್ಲ. ಆಚಾರಿ ಬಂದು ಲಾಕಿನ ಸುತ್ತ ಉಳಿಯಿಂದ ಮರ ಕೆತ್ತಿ, ಇಕ್ಕಳದಲ್ಲಿ ನಾಲಿಗೆ ಎಳೆದು ತೆಗೆದಾಗ ಮುಕ್ಕಾಲು ಗಂಟೆ ಆಗಿತ್ತು. ಅಮ್ಮ ಒದ್ದೆ ಸೀರೆಯಲ್ಲೇ ನಡುಗುತ್ತಾ ನಿಂತಿದ್ದರು. ಲಾಕ್ ಬಿಚ್ಚಿ ನೋಡಿದರೆ ಒಳಗಿನ ತುಂಡು ಜಿಂಕ್ ಎರಕದ್ದು. ಬಿಸ್ಕತ್ತಿನ ಹಾಗೆ ಎರಡು ಹೋಳಾಗಿತ್ತು.

ದಯವಿಟ್ಟು ಬಚ್ಚಲು, ಟಾಯ್ಲೆಟ್ ಬಾಗಿಲಿಗೆ ಹೊರಗಡೆ ನಾಣ್ಯ ಹಾಕಿ ತಿರುಗಿಸುವ ಗೀರು ಇರುವ ಲಾಕನ್ನೇ ತಗೊಳ್ಳಿ. ಒಳಗಿನಿಂದ ಬೋಲ್ಟ್ ಹಾಕಿಕೊಂಡು ಯಾರಾದರೂ ಬಿದ್ದರೂ ಹೊರಗಿನಿಂದ ತೆರೆಯಬಹುದು. ಆದರೆ ನಮ್ಮಲ್ಲಿ ಆದ ಹಾಗೆ ಒಳಗಿನ ತುಂಡೇ ಮುರಿದರೆ ಆ ಗೀರೂ ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೇ ಹ್ಯಾಂಡಲ್ ಅಂದ ನೋಡಿ ಮರುಳಾಗಬೇಡಿ, ಬಾಗಿಲಿನೊಳಗೆ ಕೂರುವ ಲಾಕಿನ ಪೆಟ್ಟಿಗೆ ಯಾವುದರಿಂದ ಮಾಡಿದ್ದು ಅಂತ ಕೇಳಿ. ವಯಸ್ಸಾದವರು, ಮಕ್ಕಳು ಇರುವ ಮನೆಯಲ್ಲಿ ಇದನ್ನು ಮುಂದಕ್ಕೆ ಹಾಕಬೇಡಿ.

ಅಳತೆಯಲ್ಲೂ ಪೆಟ್ಟು ತಿಂದೆ. ಮುಂಬಾಗಿಲಿನ ಹಳೆ ಲಾಕಿನಲ್ಲಿ ಹ್ಯಾಂಡಲಿನಿಂದ ಕೀಲಿ ತೂತಿಗೆ 65 ಮಿಲಿಮೀಟರ್ ಇತ್ತು. ನಾನು ತಂದದ್ದು 85ರದ್ದು. ಗಟ್ಟಿ ಹಲಸಿನ ಬಾಗಿಲಿಗೆ ಹೊಸ ತೂತು ಕೊರೆಸಬೇಕಾಯಿತು, ಹಳೆಯ ತೂತು ಈಗಲೂ ಪ್ಲೇಟಿನ ಪಕ್ಕದಲ್ಲಿ ಕಾಣುತ್ತದೆ. ಹಳೆಯದನ್ನು ಬಿಚ್ಚಿ ಕೈಯಲ್ಲೇ ಹಿಡಿದುಕೊಂಡು ಅಂಗಡಿಗೆ ಹೋಗಿ. ಫೋಟೋ ಸಾಲದು. ಬಾಗಿಲಿನ ದಪ್ಪವನ್ನೂ ಅಳೆದುಕೊಳ್ಳಿ, ಸಿಲಿಂಡರ್, ಅಂದರೆ ಕೀಲಿ ಹಾಕಿ ತಿರುಗಿಸುವ ಭಾಗ, ಅದರ ಉದ್ದ ಬಾಗಿಲಿನ ದಪ್ಪದ ಮೇಲೆಯೇ ನಿಂತಿದೆ.

ಕರಾವಳಿಯವರಿಗೆ ಇನ್ನೊಂದು ಮಾತು. ಸಮುದ್ರದ ಹತ್ತಿರ ನಿಜವಾದ 304 ಕೂಡ ಕಂದು ಕಲೆ ಹಿಡಿಯುತ್ತದೆ. ಉಪ್ಪುಗಾಳಿಯನ್ನು ಇನ್ನೂ ಚೆನ್ನಾಗಿ ತಡೆಯುವ 316 ಸ್ಟೀಲ್ ಸಿಕ್ಕರೆ ಒಳ್ಳೆಯದು, ಬೆಲೆ ಜಾಸ್ತಿ. ಯಾವುದೇ ತಗೊಂಡರೂ ಗ್ರೇಡನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಸ್ಕ್ರೂ ಕೂಡ ಅದೇ ಸ್ಟೀಲಿನದು ಕೇಳಿ ಪಡೆಯಿರಿ. ಇಲ್ಲವಾದರೆ ಗಟ್ಟಿ ಹಿತ್ತಾಳೆ. ಮೇಲೆ ಬರೀ ಹಿತ್ತಾಳೆ ಬಣ್ಣ ಬಳಿದದ್ದಲ್ಲ, ಕೈಯಲ್ಲಿ ಹಿಡಿದರೆ ಭಾರ ಇರಬೇಕು.

ನಮ್ಮ ಉಗ್ರಾಣದ ಬಾಗಿಲಿನಲ್ಲಿ ಅಜ್ಜನ ಕಾಲದ ಚಿಲಕ ಒಂದು ಉಳಿದಿತ್ತು. ಮೊನ್ನೆ ಅಮ್ಮ ಹುಣಸೆಹಣ್ಣು ಹಾಕಿ ತಿಕ್ಕಿದರು. ಬೆರಳಲ್ಲಿ ತಳ್ಳಿದರೆ ಈಗಲೂ ಸರಾಗವಾಗಿ ಜಾರುತ್ತದೆ.