ಬಟ್ಟೆ, ಸರ್ಜಿಕಲ್, ಎನ್‌95: ಎರಡು ವರ್ಷ ಹಾಕಿ ನೋಡಿದ ಮಾಸ್ಕ್‌ಗಳು

ಕೊರೊನಾ ಕಾಲದಲ್ಲಿ ಎಲ್ಲರೂ ಮನೆಯೊಳಗೇ ಇರಿ ಎಂದಾಗ ನಮಗೆ ಇರಲು ಆಗಲಿಲ್ಲ. ಅಮ್ಮನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಲೇಬೇಕು, ಒಂದೊಂದು ಸಲಕ್ಕೂ ನಾಲ್ಕು ಗಂಟೆ. ಹೋಗಿ ಬರುವ ದಾರಿ, ಕಾಯುವ ಕೋಣೆ, ಔಷಧಿಯ ಸಾಲು ಎಲ್ಲ ಸೇರಿದರೆ ಆರು ಗಂಟೆ ಜನರ ನಡುವೆ. ಕಿಡ್ನಿ ಸೋತವರಿಗೆ ಈ ಸೋಂಕು ತಗುಲಿದರೆ ಉಳಿದವರಿಗಿಂತ ಅಪಾಯ ಹೆಚ್ಚು ಎಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ಹಾಗಾಗಿ ಸಿಕ್ಕ ಮಾಸ್ಕ್ ಹಾಕಿಕೊಂಡು ಹೊರಡುವ ಧೈರ್ಯ ನನಗಿರಲಿಲ್ಲ. ಒಂದಾದ ಮೇಲೊಂದು ಹಾಕಿ ನೋಡಿದೆ, ಅಮ್ಮನಿಗೂ ಹಾಕಿಸಿ ನೋಡಿದೆ. ನನಗೆ ಕನ್ನಡಕವಿದೆ, ಅಮ್ಮನಿಗೆ ಕಿವಿ ಮಂದ. ಯಾವ ಮಾಸ್ಕ್ ಹೇಗೆ ಎಂದು ನನಗೆ ತಿಳಿದದ್ದು ಹೆಚ್ಚಾಗಿ ಇವೆರಡರಿಂದಲೇ.

ಮೊದಲಿಗೆ ಬಟ್ಟೆಯದು. ಹಳೆಯ ಹತ್ತಿ ಬಟ್ಟೆಯನ್ನು ಎರಡು ಪದರ ಮಾಡಿ ಮನೆಯಲ್ಲೇ ಹೊಲಿದದ್ದು. 2020ರ ಏಪ್ರಿಲ್ ಮೊದಲ ವಾರದಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ಜನಸಾಮಾನ್ಯರಿಗೂ ಬಟ್ಟೆ ಮಾಸ್ಕ್ ಹಾಕಲು ಹೇಳಿತ್ತು. ವೈದ್ಯರಿಗೇ ಸರ್ಜಿಕಲ್, ಎನ್‌95 ಸಾಲದ ದಿನಗಳವು. ಮುಖಕ್ಕೆ ಮೆತ್ತಗೆ, ಉಸಿರಿಗೆ ಹಗುರ, ಒಗೆದು ಒಣಗಿಸಿದರೆ ಮರುದಿನಕ್ಕೆ ಸಿದ್ಧ. ಆದರೆ ಒಮ್ಮೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಎಳೆ ಎಳೆಯ ನಡುವೆ ಬೆಳಕು ಚುಕ್ಕಿ ಚುಕ್ಕಿಯಾಗಿ ಕಾಣುತ್ತಿತ್ತು, ಹತ್ತಾರು ಸಲ ಒಗೆದ ಜಾಗದಲ್ಲಂತೂ ಬಟ್ಟೆ ಬಲೆಯಂತಾಗಿತ್ತು. ಎರಡು ಗಂಟೆ ಮಾತಾಡಿದರೆ ಒಳಪದರ ತೊಯ್ದು ತುಟಿಗೆ ಅಂಟುತ್ತಿತ್ತು. ಜೂನ್ 5ರಂದು ವಿಶ್ವ ಆರೋಗ್ಯ ಸಂಸ್ಥೆ ಮೂರು ಪದರ ಇರಲಿ ಎಂದಿತು. ಒಳಗೆ ಹೀರಿಕೊಳ್ಳುವ ಹತ್ತಿ, ನಡುವೆ ನೇಯದ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಎಳೆಯ ಹಾಳೆ, ಹೊರಗೆ ನೀರು ಹಿಡಿಯದ ಪಾಲಿಯೆಸ್ಟರ್. ಹಾಗೆ ಹೊಲಿಸಿದ ಮಾಸ್ಕ್ ಮೊದಲಿನದಕ್ಕಿಂತ ಎಷ್ಟೋ ವಾಸಿ. ಆದರೂ ಕನ್ನಡಕಕ್ಕೆ ಆವಿ ಕಟ್ಟುವುದು ನಿಲ್ಲಲಿಲ್ಲ.

ಆ ಆವಿಯನ್ನು ಕಿರಿಕಿರಿ ಎಂದು ತಿಂಗಳುಗಟ್ಟಲೆ ಒರೆಸುತ್ತಲೇ ಇದ್ದೆ. ಅದು ಹೇಳುತ್ತಿದ್ದ ವಿಷಯ ಹೊಳೆದದ್ದು ತಡವಾಗಿ. ನನ್ನ ಉಸಿರು ಬಟ್ಟೆಯ ಮೂಲಕ ಸೋಸಿಕೊಂಡು ಹೋಗುತ್ತಿಲ್ಲ, ಮೂಗಿನ ಪಕ್ಕದ ಸಂದಿಯಿಂದ ನೇರವಾಗಿ ಮೇಲಕ್ಕೆ ನುಗ್ಗುತ್ತಿದೆ. ಹೊರಹೋಗುವ ದಾರಿಯಲ್ಲೇ ಒಳಕ್ಕೂ ಗಾಳಿ ಬರುತ್ತದೆ. ಅಲ್ಲಿಂದ ಮುಂದೆ ಯಾವ ಮಾಸ್ಕ್ ಬಂದರೂ ಮೊದಲು ಕನ್ನಡಕದ ಗಾಜನ್ನೇ ನೋಡತೊಡಗಿದೆ. ಎಡಗಾಜು ಮಂಜಾದರೆ ಎಡಕ್ಕೆ ಸಂದಿ, ಎರಡೂ ಮಂಜಾದರೆ ಮೂಗಿನ ತಂತಿ ಸರಿಯಾಗಿ ಕೂತಿಲ್ಲ.

ಸರ್ಜಿಕಲ್ ಮಾಸ್ಕ್ ಬಟ್ಟೆಗಿಂತ ತೆಳುವಾಗಿ ಕಂಡರೂ ಸೋಸುವುದರಲ್ಲಿ ಬಹಳ ಮುಂದು. ನಡುವಿನ ಪದರದಲ್ಲಿರುವುದು ಕರಗಿಸಿ ಊದಿದ ಪಾಲಿಪ್ರೊಪಿಲೀನ್‌ನ ಅತಿ ಸಣ್ಣ ಎಳೆಗಳು. ಇಲ್ಲಿ ಒಂದು ವಾದಕ್ಕೆ ಉತ್ತರ ಹೇಳಲೇಬೇಕು, ಕಾಯುವ ಕೋಣೆಯಲ್ಲಿ ಅದನ್ನು ಎಷ್ಟು ಜನರ ಬಾಯಲ್ಲಿ ಕೇಳಿದೆನೋ. ವೈರಸ್ 0.1 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಬಟ್ಟೆಯ ತೂತು ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ಮತ್ತೆ ಮಾಸ್ಕ್ ಯಾಕೆ ಎಂಬುದು ಆ ವಾದ. ವೈರಸ್ ಒಂಟಿಯಾಗಿ ಹಾರಾಡುವುದಿಲ್ಲ, ಉಸಿರಿನ ಹನಿಯೊಳಗೆ ಕೂತು ಬರುತ್ತದೆ. ಮಾಸ್ಕ್ ಜರಡಿಯೂ ಅಲ್ಲ. ದೊಡ್ಡ ಹನಿ ಎಳೆಗೆ ಬಡಿದು ನಿಲ್ಲುತ್ತದೆ. ಅತಿ ಸಣ್ಣದು ಗಾಳಿಯ ಅಣುಗಳ ಹೊಡೆತಕ್ಕೆ ಅತ್ತಿತ್ತ ಅಲೆಯುತ್ತ ಯಾವುದಾದರೊಂದು ಎಳೆಗೆ ತಾಗಿ ಅಂಟುತ್ತದೆ. ಇವೆರಡರ ನಡುವೆ ಸುಮಾರು 0.3 ಮೈಕ್ರಾನ್ ಗಾತ್ರದವೇ ಹಿಡಿಯಲು ಕಷ್ಟ. ಎನ್‌95ನ್ನು ಪರೀಕ್ಷಿಸುವುದು ಆ ಗಾತ್ರದಲ್ಲೇ, ಅದರಲ್ಲೇ ನೂರಕ್ಕೆ 95ನ್ನಾದರೂ ತಡೆಯಬೇಕು. ಎಳೆಗಳಿಗೆ ತುಂಬಿರುವ ವಿದ್ಯುದಂಶ ಕಣಗಳನ್ನು ಸೆಳೆದುಕೊಳ್ಳುತ್ತದೆ.

ಸರ್ಜಿಕಲ್ ಸೋಲುವುದು ಅಂಚಿನಲ್ಲಿ. ಕೆನ್ನೆಯ ಎರಡೂ ಬದಿ ಬಾಯಿ ಬಿಟ್ಟುಕೊಂಡೇ ಇರುತ್ತದೆ. ಇದಕ್ಕೆ ನಾನು ಕಲಿತ ಉಪಾಯ ಎರಡು. ಒಂದು, ಕಿವಿಯ ಎಲಾಸ್ಟಿಕ್ಕಿಗೆ ಮಾಸ್ಕಿನ ಅಂಚಿನ ಹತ್ತಿರವೇ ಗಂಟು ಹಾಕಿ, ಉಬ್ಬುವ ನೆರಿಗೆಯನ್ನು ಒಳಕ್ಕೆ ಮಡಚುವುದು. ಇನ್ನೊಂದು, ಸರ್ಜಿಕಲ್ ಮೇಲೆ ಬಿಗಿಯಾದ ಬಟ್ಟೆ ಮಾಸ್ಕ್ ಹಾಕುವುದು. 2021ರ ಫೆಬ್ರುವರಿಯಲ್ಲಿ ಸಿಡಿಸಿ ಪ್ರಯೋಗಾಲಯದಲ್ಲಿ ಕೃತಕ ಕೆಮ್ಮಿನಿಂದ ಪರೀಕ್ಷಿಸಿದಾಗ ಒಂದೇ ಮಾಸ್ಕ್ ಸುಮಾರು ಅರ್ಧದಷ್ಟು ಕಣಗಳನ್ನು ತಡೆದರೆ, ಈ ಜೋಡಿ 80%ಕ್ಕಿಂತ ಹೆಚ್ಚು ತಡೆದಿತ್ತು. ನನ್ನ ಕನ್ನಡಕವೂ ಅದನ್ನೇ ಹೇಳಿತು, ಜೋಡಿ ಹಾಕಿದ ದಿನ ಆವಿ ಬಹುಮಟ್ಟಿಗೆ ನಿಂತಿತು. ಆದರೆ ಮೆಟ್ಟಿಲು ಹತ್ತುವಾಗ ಎದೆ ಬಿಗಿಯುತ್ತಿತ್ತು, ಅಮ್ಮನಿಗಂತೂ ಅರ್ಧ ಗಂಟೆಗಿಂತ ಹೆಚ್ಚು ತಡೆಯಲಾಗಲಿಲ್ಲ. ಗಂಟು ಹಾಕಿದ ಸರ್ಜಿಕಲ್ ಅಮ್ಮನಿಗೆ ಒಗ್ಗಿತು.

ಸಂತೆಯಷ್ಟು ಜನರಿದ್ದ ಕೋಣೆಗೆ ಮಾತ್ರ ನನಗೆ ಅದು ಸಾಕೆನಿಸಲಿಲ್ಲ. ಎನ್‌95 ಸಿಗತೊಡಗಿದ ಕೂಡಲೇ ಅದಕ್ಕೆ ಬದಲಾದೆ. ನಿಜವಾದ ಎನ್‌95ಗೆ ತಲೆಯ ಹಿಂದೆ ಹೋಗುವ ಎರಡು ಪಟ್ಟಿ ಇರುತ್ತವೆ, ಕಿವಿಗೆ ಸಿಕ್ಕಿಸುವುದಲ್ಲ. ಒಂದು ಪಟ್ಟಿ ನೆತ್ತಿಯ ಹಿಂಭಾಗಕ್ಕೆ, ಇನ್ನೊಂದು ಕುತ್ತಿಗೆಗೆ. ಹಾಕಿದ ಮೊದಲ ದಿನವೇ ಕನ್ನಡಕ ಸ್ವಚ್ಛ. ಆರು ಗಂಟೆಯ ಮೇಲೆ ತೆಗೆದಾಗ ಮೂಗಿನ ಮೇಲೆ, ಕೆನ್ನೆಯ ಮೇಲೆ ಕೆಂಪು ಗೆರೆ. ಆ ಗೆರೆ ಸುತ್ತಲೂ ತುಂಡಾಗದೆ ಮೂಡಿದೆಯೇ ಎಂದು ಕನ್ನಡಿಯಲ್ಲಿ ನೋಡುತ್ತಿದ್ದೆ. ಗೆರೆ ಇಲ್ಲದ ಕಡೆ ಮಾಸ್ಕ್ ಚರ್ಮಕ್ಕೆ ತಾಗಿಯೇ ಇರಲಿಲ್ಲ. ಗಡ್ಡ ಬಿಟ್ಟ ವಾರ ಎರಡೂ ಕೆನ್ನೆಯಲ್ಲಿ ಗೆರೆಯೇ ಮೂಡಲಿಲ್ಲ, ಅಂದೇ ಬೋಳಿಸಿದೆ.

ಚೀನಾದ ಮಾನದಂಡದಂತೆ ಮಾಡಿದ, ಕಿವಿಗೆ ಸಿಕ್ಕಿಸುವ ಕೆಎನ್‌95ನ್ನೂ ಅದೇ ತಿಂಗಳು ಹಾಕಿ ನೋಡಿದೆ. ಹೆಸರು ಹತ್ತಿರ, ಮುಖದ ಮೇಲೆ ಕೂರುವ ರೀತಿ ದೂರ. ತಲೆ ತಿರುಗಿಸಿದಾಗಲೆಲ್ಲ ಅಂಚು ಏಳುತ್ತಿತ್ತು. ಎರಡು ಎಲಾಸ್ಟಿಕ್ಕನ್ನೂ ತಲೆಯ ಹಿಂದೆ ಕೊಕ್ಕೆಯಿಂದ ಸೇರಿಸಿದರೆ ಪರವಾಗಿಲ್ಲ. ನಕಲಿ ಮಾಲು ತುಂಬ ಇರುವುದು ಇದರಲ್ಲೇ, ನೋಡಿ ಕೊಳ್ಳಬೇಕು.

ಕವಾಟ ಇರುವ ಎನ್‌95ನ್ನು ಒಂದೇ ದಿನ ಹಾಕಿದ್ದು. ಉಸಿರಾಟಕ್ಕೆ ಅಷ್ಟು ಹಾಯಾದದ್ದು ಬೇರಿಲ್ಲ. ಆದರೆ ನಾನು ಬಿಡುವ ಗಾಳಿ ಸೋಸದೆ ಆ ಕವಾಟದಿಂದ ಹೊರಬಂದು, ಪಕ್ಕದಲ್ಲಿ ಕೂತ ಅಮ್ಮನಂಥವರ ಕಡೆಗೇ ಹೋಗುತ್ತದೆ. ನನ್ನಲ್ಲಿ ಲಕ್ಷಣವಿಲ್ಲದೆಯೂ ಸೋಂಕು ಇರಬಹುದಾದಾಗ ಅದನ್ನು ಹಾಕುವುದು ನನಗೆ ತಪ್ಪೆನಿಸಿತು. ಪ್ಲಾಸ್ಟಿಕ್ಕಿನ ಫೇಸ್ ಶೀಲ್ಡ್ ಕಣ್ಣಿಗೆ ಹನಿ ಸಿಡಿಯದಂತೆ ಕಾಯುತ್ತದೆ, ಅಷ್ಟೇ. ಕೆಳಗೂ ಪಕ್ಕಕ್ಕೂ ತೆರೆದಿರುವುದರಿಂದ ಮಾಸ್ಕಿನ ಬದಲಿಗೆ ಅದು ಆಗದು.

ಎನ್‌95ನ ವಿಷಯದಲ್ಲಿ ನನ್ನಿಂದ ಒಂದು ತಪ್ಪಾಯಿತು. ಬಟ್ಟೆಯದರಂತೆ ಸೋಪು ನೀರಿನಲ್ಲಿ ಒಗೆದು ಒಣಗಿಸಿದೆ. ನೋಡಲು ಹೊಸದರಂತಿತ್ತು. ಸೋಪಾಗಲಿ ಸ್ಯಾನಿಟೈಸರ್ ಆಗಲಿ ಎಳೆಗಳ ವಿದ್ಯುದಂಶವನ್ನೇ ಕಳೆಯುತ್ತದೆ ಎಂದು ಆಮೇಲೆ ತಿಳಿದಾಗ, ಅದನ್ನು ಹಾಕಿಕೊಂಡು ಅಮ್ಮನ ಪಕ್ಕ ಕೂತ ಎರಡು ದಿನ ನೆನೆದು ಬೆವರಿದೆ. ಆಮೇಲಿನಿಂದ ಐದು ಮಾಸ್ಕ್, ಐದು ಕಾಗದದ ಚೀಲ. ಇಂದು ಹಾಕಿದ್ದನ್ನು ಚೀಲಕ್ಕೆ ಹಾಕಿ ತಾರೀಕು ಬರೆದಿಟ್ಟರೆ ಅದರ ಸರದಿ ಬರುವಷ್ಟರಲ್ಲಿ ಐದು ದಿನ ಕಳೆದಿರುತ್ತದೆ. ಪಟ್ಟಿ ಸಡಿಲವಾದರೆ, ತೊಯ್ದರೆ, ಕೊಳೆಯಾದರೆ ಎಸೆಯುತ್ತಿದ್ದೆ.

ಬಟ್ಟೆಯೋ ಸರ್ಜಿಕಲ್ಲೋ ಎಂದು ಕೇಳುವವರಿಗೆ ನಾನು ಹೇಳುವುದು ಬಾಂಗ್ಲಾದೇಶದ ಅಧ್ಯಯನದ ಮಾತು. ಅಲ್ಲಿ 600 ಹಳ್ಳಿಗಳ 3 ಲಕ್ಷಕ್ಕೂ ಹೆಚ್ಚು ವಯಸ್ಕರ ನಡುವೆ ನೋಡಿದಾಗ, ಮಾಸ್ಕ್ ಹಂಚದ ಹಳ್ಳಿಗಳಲ್ಲಿ ಸರಿಯಾಗಿ ಹಾಕುತ್ತಿದ್ದವರು ನೂರಕ್ಕೆ 13, ಹಂಚಿ ಬೆನ್ನುಬಿದ್ದ ಕಡೆ 42. ಸರ್ಜಿಕಲ್ ಕೊಟ್ಟ ಹಳ್ಳಿಗಳಲ್ಲಿ ಲಕ್ಷಣವಿರುವ ಸೋಂಕು ಸುಮಾರು 11% ಇಳಿಯಿತು, 60 ದಾಟಿದವರಲ್ಲಿ ಸುಮಾರು 35%. ಬಟ್ಟೆ ಕೊಟ್ಟ ಕಡೆ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಕಾಣಲಿಲ್ಲ. ಅರ್ಧಕ್ಕಿಂತ ಹೆಚ್ಚು ಜನ ಹಾಕದೇ ಇದ್ದಾಗಲೂ ಬಂದ ಫಲ ಇದು. ಎಲ್ಲರೂ ಹಾಕಿದ್ದರೆ ಎಂದು ಈಗಲೂ ಅಂದುಕೊಳ್ಳುತ್ತೇನೆ.

ಯಾವ ಮಾಸ್ಕಿಗೂ ಬಗೆಹರಿಯದ ಕಷ್ಟ ಅಮ್ಮನ ಕಿವಿಯದು. ತುಟಿ ನೋಡಿ ಮಾತು ಹಿಡಿಯುತ್ತಿದ್ದ ಅಮ್ಮ ಮಾಸ್ಕ್ ಬಂದ ಮೇಲೆ ಯಾರಿಗೂ ಉತ್ತರ ಕೊಡದೆ ಸುಮ್ಮನಾಗಿಬಿಟ್ಟಿದ್ದರು. ಬಾಯಿ ಕಾಣುವಂತೆ ಪಾರದರ್ಶಕ ಕಿಟಕಿಯಿರುವ ಮಾಸ್ಕ್ ತಂದೆ, ಹತ್ತು ನಿಮಿಷದಲ್ಲಿ ಆವಿ ಕಟ್ಟಿ ಕಿಟಕಿಯೇ ಮುಚ್ಚಿಹೋಯಿತು. ಎನ್‌95 ಒಳಗಿಂದ ನನ್ನ ದನಿ ಇನ್ನೂ ಮಂಕು. ಕೊನೆಗೆ ಒಂದು ನೋಟ್‌ಬುಕ್, ದಪ್ಪ ಪೆನ್ನು. ನರ್ಸ್ ಕೇಳಿದ್ದನ್ನು ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದರೆ ಅಮ್ಮ ಮೊದಲಿನಂತೆ ಗಟ್ಟಿ ದನಿಯಲ್ಲಿ ಉತ್ತರಿಸುತ್ತಿದ್ದರು.

ಕೊನೆಗೆ ಅಮ್ಮನಿಗೂ ಎನ್‌95 ಹೊಂದಿತು, ಆದರೆ ನನ್ನ ಅಳತೆಯದಲ್ಲ. ಕೆನ್ನೆ ಒಳಹೋದ ಸಣ್ಣ ಮುಖಕ್ಕೆ ದೊಡ್ಡದು ಗದ್ದದ ಕೆಳಗೆ ಎರಡು ಬೆರಳು ತೂರುವಷ್ಟು ಸಂದಿ ಬಿಡುತ್ತಿತ್ತು. ಅದೇ ಕಂಪನಿಯ ಸಣ್ಣ ಅಳತೆ ಹಾಕಿಸಿದಾಗ ಸಂದಿ ಮುಚ್ಚಿತು, ಮಲಗಿದರೂ ಜಾರಲಿಲ್ಲ. ಈಗಲೂ ಆಸ್ಪತ್ರೆಗೆ ಹೊರಡುವಾಗ ಬಾಗಿಲಲ್ಲಿ ನಿಂತು ಅಮ್ಮನ ಮಾಸ್ಕಿನ ಸುತ್ತ ಎರಡೂ ಅಂಗೈ ಇಟ್ಟು, ಊದುವಂತೆ ಸನ್ನೆ ಮಾಡುತ್ತೇನೆ. ಬೆರಳಿಗೆ ಗಾಳಿ ತಾಗಿದರೆ ಮೂಗಿನ ತಂತಿಯನ್ನು ಇನ್ನೊಮ್ಮೆ ಒತ್ತಿ, ಆಮೇಲೆ ಹೊರಡುತ್ತೇವೆ.